ಪ್ರೊಸೆಸರ್ ಬದಲಿಸುವಾಗ ಬಯಾಸ್ ಮೊದಲೋ, ಸ್ಟೋರೇಜ್ ಡ್ರೈವರ್ ಮೊದಲೋ?

ಪ್ರಶ್ನೆ: ನನ್ನ ಕಂಪ್ಯೂಟರಿನಲ್ಲಿ ಬಿ450 ಚಿಪ್‌ಸೆಟ್‌ನ ಮದರ್‌ಬೋರ್ಡ್ ಮತ್ತು ರೈಜೆನ್ 5 2600 ಪ್ರೊಸೆಸರ್ ಇವೆ. ವಿಂಡೋಸ್ 11 ಎನ್‌ವಿಎಂಇ ಎಸ್‌ಎಸ್‌ಡಿಯಲ್ಲಿದೆ. ಲೆಕ್ಕಪತ್ರಗಳು ಮತ್ತು ಫೋಟೋಗಳು ಎರಡು ಸಾಟಾ ಹಾರ್ಡ್‌ಡಿಸ್ಕ್‌ಗಳಲ್ಲಿವೆ. ಇದೇ ಬೋರ್ಡಿಗೆ ರೈಜೆನ್ 7 5700ಎಕ್ಸ್ ಹಾಕಬೇಕೆಂದಿದ್ದೇನೆ. ಮೊದಲು ಬಯಾಸ್ ಅಪ್‌ಡೇಟ್ ಮಾಡಬೇಕೆಂದು ಒಬ್ಬರು ಹೇಳಿದರೆ, ಹೊಸ ಸ್ಟೋರೇಜ್ ಡ್ರೈವರ್ ಹಾಕದಿದ್ದರೆ ನೀಲಿ ಪರದೆ ಬರುತ್ತದೆಂದು ಇನ್ನೊಬ್ಬರು ಎಚ್ಚರಿಸಿದ್ದಾರೆ. ಸರಿಯಾದ ಕ್ರಮ ಯಾವುದು?

ಉತ್ತರ: ಮೊದಲನೆಯವರ ಮಾತು ಪೂರ್ತಿ ಸರಿ. ಎರಡನೆಯವರು ಹೇಳುವ ನೀಲಿ ಪರದೆಯೂ ಸುಳ್ಳಲ್ಲ, ಆದರೆ ಅದಕ್ಕೆ ಕಾರಣ ಡ್ರೈವರ್ ಹಳೆಯದಾಗಿರುವುದಲ್ಲ.

ಬಿ450 ಬೋರ್ಡುಗಳು ಬಂದದ್ದು 2018ರಲ್ಲಿ. 5700ಎಕ್ಸ್ ಬಂದದ್ದು 2022ರಲ್ಲಿ. ಬಯಾಸ್ ಎಂದರೆ ಕಂಪ್ಯೂಟರನ್ನು ಚಾಲೂ ಮಾಡುವ, ಬೋರ್ಡಿನಲ್ಲಿಯೇ ಇರುವ ತಂತ್ರಾಂಶ. ಹಳೆಯ ಬಯಾಸ್‌ಗೆ ಈ ಪ್ರೊಸೆಸರಿನ ಪರಿಚಯವೇ ಇರುವುದಿಲ್ಲವಾದ್ದರಿಂದ, ಅದನ್ನು ಹಾಗೆಯೇ ಕೂರಿಸಿದರೆ ಪರದೆಯ ಮೇಲೆ ಏನೂ ಕಾಣಿಸದು. ಆದ್ದರಿಂದ 2600 ಇನ್ನೂ ಸಾಕೆಟ್‌ನಲ್ಲಿರುವಾಗಲೇ ಬಯಾಸ್ ಹೊಸದಾಗಬೇಕು. ಬೋರ್ಡ್ ತಯಾರಕರ ಜಾಲತಾಣದಲ್ಲಿರುವ ಪ್ರೊಸೆಸರ್ ಪಟ್ಟಿಯಲ್ಲಿ 5700ಎಕ್ಸ್‌ಗೆ ಕನಿಷ್ಠ ಯಾವ ಆವೃತ್ತಿ ಬೇಕೆಂಬುದು ನಮೂದಾಗಿರುತ್ತದೆ. ಆ ಆವೃತ್ತಿಯ ಜೊತೆಗಿರುವ ಸೂಚನೆಯನ್ನೂ ಓದಿ, ಏಕೆಂದರೆ ಕೆಲವು ಬೋರ್ಡುಗಳಲ್ಲಿ ನಡುವಿನ ಒಂದು ಆವೃತ್ತಿಯನ್ನು ದಾಟಿಯೇ ಮುಂದಕ್ಕೆ ಹೋಗಬೇಕಾಗುತ್ತದೆ.

ಇನ್ನು ಸ್ಟೋರೇಜ್ ವಿಚಾರ. ಎನ್‌ವಿಎಂಇ ಕಂಟ್ರೋಲರ್ ಇರುವುದು ಎಸ್‌ಎಸ್‌ಡಿಯಲ್ಲಿಯೇ. ಅದಕ್ಕೂ ಎಎಚ್‌ಸಿಐ ಎಂಬ ಸಾಮಾನ್ಯ ಕ್ರಮದಲ್ಲಿರುವ ಸಾಟಾ ಡಿಸ್ಕ್‌ಗಳಿಗೂ ಬೇಕಾದ ಡ್ರೈವರ್ ವಿಂಡೋಸ್‌ನಲ್ಲಿ ಮೊದಲೇ ಇದೆ. ಪ್ರೊಸೆಸರ್ ಬದಲಾದ ಮಾತ್ರಕ್ಕೆ ಹೊಸತೇನೂ ಬೇಕಾಗದು. ನಿಜವಾದ ತೊಂದರೆ ಬೇರೆ ಕಡೆ ಇದೆ: ಬಯಾಸ್ ಅಪ್‌ಡೇಟ್ ಸಾಮಾನ್ಯವಾಗಿ ಎಲ್ಲ ಸೆಟ್ಟಿಂಗ್‌ಗಳನ್ನೂ ಕಾರ್ಖಾನೆಯ ಸ್ಥಿತಿಗೆ ಮರಳಿಸುತ್ತದೆ. ನಿಮ್ಮ ಸಾಟಾ ಅಥವಾ ಎನ್‌ವಿಎಂಇ ರೇಡ್ ಕ್ರಮದಲ್ಲಿದ್ದು (ಹಲವು ಡಿಸ್ಕ್‌ಗಳನ್ನು ಒಂದಾಗಿ ಜೋಡಿಸಲು ಬಳಸುವ ಕ್ರಮ), ಅಪ್‌ಡೇಟ್ ಬಳಿಕ ಅದು ಎಎಚ್‌ಸಿಐಗೆ ತಿರುಗಿದರೆ, ರೇಡ್ ಡ್ರೈವರ್ ಮೂಲಕ ಬೂಟ್ ಆಗುತ್ತಿದ್ದ ವಿಂಡೋಸ್‌ಗೆ ತನ್ನ ಡಿಸ್ಕ್ ಸಿಗದೆ ‘ಇನ್‌ಆಕ್ಸೆಸಿಬಲ್ ಬೂಟ್ ಡಿವೈಸ್’ ಎಂಬ ನೀಲಿ ಪರದೆ ಬರುತ್ತದೆ. ಆಗ ವಿಂಡೋಸ್ ಮರುಸ್ಥಾಪಿಸಲು ಹೊರಡಬೇಡಿ; ಬಯಾಸ್ ಒಳಗೆ ಹೋಗಿ ಹಳೆಯ ಕ್ರಮವನ್ನು ಮತ್ತೆ ಆರಿಸಿದರೆ ಸಾಕು. ಇದಕ್ಕಿಂತ ಅಪಾಯಕಾರಿ ಇನ್ನೊಂದಿದೆ. ಹಾರ್ಡ್‌ಡಿಸ್ಕ್‌ಗಳು ರೇಡ್ ಜೋಡಿಯಾಗಿದ್ದರೆ, ಕ್ರಮ ತಪ್ಪಿದಾಗ ಅವು ಖಾಲಿ ಡಿಸ್ಕ್‌ಗಳಂತೆ ಕಾಣಿಸಿ, ಇನಿಷಿಯಲೈಸ್ (ಹೊಸ ಡಿಸ್ಕ್‌ನಂತೆ ಸಿದ್ಧ) ಮಾಡಲೇ ಎಂದು ವಿಂಡೋಸ್ ಕೇಳಬಹುದು. ಯಾವ ಕಾರಣಕ್ಕೂ ಒಪ್ಪಬೇಡಿ.

ಈಗಲೇ ಡಿವೈಸ್ ಮ್ಯಾನೇಜರ್ ತೆರೆದು ನೋಡಿ. ‘ಸ್ಟ್ಯಾಂಡರ್ಡ್’ ಎಂದು ಆರಂಭವಾಗುವ ಎಎಚ್‌ಸಿಐ ಮತ್ತು ಎನ್‌ವಿಎಂ ಎಕ್ಸ್‌ಪ್ರೆಸ್ ಕಂಟ್ರೋಲರ್‌ಗಳು ಮಾತ್ರ ಇದ್ದರೆ ನೀವು ನಿಶ್ಚಿಂತರು. ಎಎಂಡಿ ರೇಡ್ ಹೆಸರು ಕಂಡರೆ ಬಯಾಸ್‌ನ ಸ್ಟೋರೇಜ್ ಸೆಟ್ಟಿಂಗ್ ಪುಟಗಳ ಫೋಟೋ ತೆಗೆದಿಟ್ಟುಕೊಳ್ಳಿ.

ಅನೇಕರು ಮರೆಯುವುದು ಡಿಸ್ಕ್‌ನ ಮಾಹಿತಿಯನ್ನು ಗೂಢಲಿಪಿಯಲ್ಲಿಡುವ ವಿಂಡೋಸ್‌ನ ಬಿಟ್‌ಲಾಕರ್ ಅನ್ನು. ಅದರ ಕೀಲಿಯನ್ನು ಕಾಯುವ ಎಫ್‌ಟಿಪಿಎಂ ಎಂಬ ಭದ್ರತಾ ವ್ಯವಸ್ಥೆ ಪ್ರೊಸೆಸರಿನೊಂದಿಗೇ ಬೆಸೆದುಕೊಂಡಿರುವುದರಿಂದ, ಹೊಸ ಪ್ರೊಸೆಸರ್ ಹಾಕಿದ ಮೊದಲ ಬೂಟ್‌ನಲ್ಲಿ ಅದನ್ನು ರಿಸೆಟ್ ಮಾಡಲೇ ಎಂದು ಬೋರ್ಡ್ ಕೇಳುತ್ತದೆ. ಒಪ್ಪಿದರೆ ಹಳೆಯ ಕೀಲಿ ಅಳಿಯುತ್ತದೆ. ಹಾಗಾಗಿ ರಿಕವರಿ ಕೀಯನ್ನು ಕಾಗದದಲ್ಲಿ ಬರೆದುಕೊಳ್ಳಿ. ಬಯಾಸ್ ಅಪ್‌ಡೇಟ್‌ಗೆ ಮುನ್ನ ಒಮ್ಮೆ, ಪ್ರೊಸೆಸರ್ ಬದಲಿಸುವ ಮುನ್ನ ಮತ್ತೊಮ್ಮೆ ಬಿಟ್‌ಲಾಕರ್ ಅನ್ನು ಸಸ್ಪೆಂಡ್ ಮಾಡಿ. ವಿಂಡೋಸ್ ಹೋಮ್ ಆವೃತ್ತಿಯವರು ಇದೇ ಬಗೆಯ ‘ಡಿವೈಸ್ ಎನ್‌ಕ್ರಿಪ್ಷನ್’ ಚಾಲ್ತಿಯಲ್ಲಿದೆಯೇ ಎಂದು ನೋಡಬೇಕು. ಲೆಕ್ಕಪತ್ರಗಳ ಒಂದು ಪ್ರತಿ ಬೇರೆ ಡಿಸ್ಕ್‌ನಲ್ಲಿರಲಿ ಎಂದು ಪ್ರತ್ಯೇಕವಾಗಿ ಹೇಳಬೇಕಿಲ್ಲ.

ಮರುಪ್ರಶ್ನೆ: ಸ್ಟ್ಯಾಂಡರ್ಡ್ ಎಂದೇ ತೋರಿಸುತ್ತಿದೆ, ಧನ್ಯವಾದಗಳು. ಆದರೆ ನಮ್ಮಲ್ಲಿ ಕರೆಂಟ್ ಯಾವಾಗ ಹೋಗುತ್ತದೆಂದು ಹೇಳಲಾಗದು. ಚಿಪ್‌ಸೆಟ್ ಡ್ರೈವರ್ ಯಾವಾಗ ಹಾಕಲಿ?

ಉತ್ತರ: ಯುಪಿಎಸ್ ಇಲ್ಲದೆ ಆರಂಭಿಸಬೇಡಿ, ನಡುವೆ ವಿದ್ಯುತ್ ನಿಂತರೆ ಬೋರ್ಡ್ ಏಳದೇ ಹೋಗಬಹುದು. ಬೋರ್ಡಿನ ಹಿಂದೆ ಬಯಾಸ್ ಫ್ಲ್ಯಾಶ್‌ಬ್ಯಾಕ್ ಗುಂಡಿ ಇದ್ದರೆ ಅದರಿಂದ ಮತ್ತೆ ಬರೆಯಬಹುದು. ಅಪ್‌ಡೇಟ್ ಅನ್ನು ವಿಂಡೋಸ್ ಒಳಗಿನಿಂದ ಮಾಡದೆ, ಫ್ಯಾಟ್32 ಪೆನ್‌ಡ್ರೈವ್‌ಗೆ ಫೈಲ್ ಹಾಕಿ ಬಯಾಸ್‌ನ ಸ್ವಂತ ಸಾಧನದಿಂದಲೇ ಮಾಡಿ. ನಂತರ ಹಳೆಯ ಪ್ರೊಸೆಸರಿನಲ್ಲಿಯೇ ಒಮ್ಮೆ ವಿಂಡೋಸ್ ತೆರೆದು ನೋಡಿ. ಆಗ ಮುಂದೆ ಏನಾದರೂ ಕೆಟ್ಟರೆ ಕಾರಣ ಬಯಾಸೋ ಪ್ರೊಸೆಸರೋ ಎಂಬುದು ಸ್ಪಷ್ಟವಿರುತ್ತದೆ. ಎಎಂಡಿ ಚಿಪ್‌ಸೆಟ್ ಡ್ರೈವರ್ ಅನ್ನು ಬದಲಾವಣೆಯ ನಂತರ ಹಾಕಿದರೂ ನಡೆಯುತ್ತದೆ. ರೇಡ್ ಡ್ರೈವರ್ ನಿಮಗೆ ಬೇಡ.

ಇನ್ನೊಬ್ಬರ ಪ್ರಶ್ನೆ: ಇಂಟೆಲ್ 12ನೇ ತಲೆಮಾರಿನಿಂದ 14ನೇ ತಲೆಮಾರಿನ ಐ7ಗೆ ಹೋಗುವವರಿಗೂ ಇದೇ ಕ್ರಮವೇ?

ಉತ್ತರ: ಹೌದು, ಎರಡು ಸೇರ್ಪಡೆಗಳೊಂದಿಗೆ. ರೇಡ್‌ನ ಜಾಗದಲ್ಲಿ ಅಲ್ಲಿ ಡಿಸ್ಕ್‌ಗಳನ್ನು ಇಂಟೆಲ್‌ನ ಸ್ವಂತ ಡ್ರೈವರ್ ಮೂಲಕ ನಡೆಸುವ ವಿಎಂಡಿ ಎಂಬ ಸೆಟ್ಟಿಂಗ್ ಗಮನಿಸಿ. ಅದು ಈಗ ಹೇಗಿದೆಯೋ ಅಪ್‌ಡೇಟ್ ನಂತರವೂ ಹಾಗೆಯೇ ಇರಬೇಕು. ಜೊತೆಗೆ 13 ಮತ್ತು 14ನೇ ತಲೆಮಾರಿನ ಡೆಸ್ಕ್‌ಟಾಪ್ ಪ್ರೊಸೆಸರ್‌ಗಳಲ್ಲಿ ಹೆಚ್ಚಿನ ವೋಲ್ಟೇಜ್‌ನಿಂದ ಅಸ್ಥಿರತೆ ಕಂಡುಬಂದು, 2024ರಲ್ಲಿ ಇಂಟೆಲ್ 0ಎಕ್ಸ್129, ಬಳಿಕ 0ಎಕ್ಸ್12ಬಿ ಮೈಕ್ರೋಕೋಡ್ (ಬಯಾಸ್ ಜೊತೆಗೆ ಬರುವ, ಪ್ರೊಸೆಸರಿನ ಒಳ ಸೂಚನೆಗಳ ತಿದ್ದುಪಡಿ) ಹೊರತಂದಿತು. ಆದ್ದರಿಂದ ಪ್ರೊಸೆಸರನ್ನು ಗುರುತಿಸುವ ಕನಿಷ್ಠ ಬಯಾಸ್‌ಗೆ ತೃಪ್ತರಾಗದೆ, ಈ ಮೈಕ್ರೋಕೋಡ್ ಅಥವಾ ಅದಕ್ಕಿಂತ ಹೊಸತು ಇರುವ ಆವೃತ್ತಿಯನ್ನೇ ಹಾಕಿ.