ಪೂಲ್ ಪಾರ್ಟಿಯಲ್ಲಿ ಮಕ್ಕಳನ್ನು ನೋಡುತ್ತಿರುವವರು ಯಾರು?

ಬೇಸಿಗೆ ಬಂತೆಂದರೆ ನಮ್ಮವರ ಹುಟ್ಟುಹಬ್ಬಗಳೆಲ್ಲ ಈಜುಕೊಳದ ಪಕ್ಕಕ್ಕೆ ಬಂದು ಬಿಡುತ್ತವೆ. ಇಷ್ಟು ಜನ ದೊಡ್ಡವರು ಇದ್ದಾರಲ್ಲ ಅಂತ ಎಲ್ಲರಿಗೂ ಧೈರ್ಯ. ನನಗೆ ಭಯ ಅಲ್ಲೇ. ಪ್ರತಿಯೊಬ್ಬರೂ ಇನ್ನೊಬ್ಬರು ನೋಡುತ್ತಿದ್ದಾರೆ ಅಂದುಕೊಂಡು ಹರಟೆಗೆ ಕೂತಿರುತ್ತಾರೆ.

ಮುಳುಗುತ್ತಿರುವ ಮಗು ಸಾಮಾನ್ಯವಾಗಿ ಕೂಗುವುದಿಲ್ಲ, ಕೈ ಬೀಸಿ ಕರೆಯುವುದೂ ಇಲ್ಲ. ಬಾಯಿ ನೀರಿನಿಂದ ಮೇಲೆ ಬರುವ ಆ ಚೂರು ಹೊತ್ತು ಉಸಿರಿಗೇ ಸಾಲದು, ಇನ್ನು ಕೂಗೋದೆಲ್ಲಿ? ಕೈಗಳು ತಾವಾಗಿಯೇ ನೀರನ್ನು ಕೆಳಕ್ಕೆ ಒತ್ತುತ್ತಿರುತ್ತವೆ. ದೂರದಿಂದ ನೋಡಿದವರಿಗೆ ಆಟ ಆಡುತ್ತಿದೆ ಅನಿಸುತ್ತದೆ. ಅಮೆರಿಕದ ಲೈಫ್‌ಗಾರ್ಡ್ ಫ್ರಾಂಕ್ ಪಿಯಾ ಇದನ್ನು ವರ್ಷಗಟ್ಟಲೆ ಗಮನಿಸಿ ವಿವರಿಸಿದರು. ಅವರ ಪ್ರಕಾರ ಈ ಒದ್ದಾಟ 20ರಿಂದ 60 ಸೆಕೆಂಡು ಮಾತ್ರ. ಫೋನಿನಲ್ಲಿ ಒಂದು ಮೆಸೇಜ್‌ಗೆ ಉತ್ತರ ಬರೆಯುವಷ್ಟರಲ್ಲಿ ಮುಗಿದಿರುತ್ತದೆ.

ಅದಕ್ಕೇ ಪಾಳಿ ಹಾಕಿಕೊಳ್ಳಿ. 15 ನಿಮಿಷ ಒಬ್ಬರು. ಫೋನ್ ಇಲ್ಲ, ಹರಟೆ ಇಲ್ಲ, ಕಣ್ಣು ನೀರಿನ ಮೇಲೆ. ಮುಂದಿನವರು "ಈಗ ನಾನು ನೋಡ್ತೀನಿ" ಅಂತ ಬಾಯಿಬಿಟ್ಟು ಹೇಳುವ ತನಕ ಎದ್ದು ಹೋಗಬಾರದು. ಪುಟ್ಟ ಮಕ್ಕಳಾದರೆ ಕೈಗೆ ಸಿಗುವಷ್ಟು ಹತ್ತಿರವೇ ಇರಬೇಕು. ಗಾಳಿ ತುಂಬಿದ ತೋಳುಪಟ್ಟಿ ಬರೀ ಆಟಿಕೆ, ಲೈಫ್ ಜಾಕೆಟ್ ಅಲ್ಲ. ಈಜು ಕಲಿಸಿ, ಖಂಡಿತ. ಆದರೆ ಕ್ಲಾಸಿಗೆ ಹೋಗುತ್ತಾನೆ ಅಂತ ಕಣ್ಣು ತೆಗೆಯಬೇಡಿ. ನೀಲಿ ಈಜುಡುಗೆ ನೀರಿನಲ್ಲಿ ಕಾಣುವುದೇ ಇಲ್ಲ, ಗಾಢ ಕಿತ್ತಳೆ ಬಣ್ಣದ್ದು ತನ್ನಿ.

ಪೂಲ್ ಇರುವ ಮನೆ ಹುಡುಕುತ್ತಿರುವವರು ಪೂಲಿನ ಬೇಲಿ ಗಮನಿಸಿ. ನಾಲ್ಕೂ ಕಡೆ ಇರಬೇಕು, ಮನೆಯ ಕಡೆಗೂ. ಕನಿಷ್ಠ 1.2 ಮೀಟರ್ ಎತ್ತರ, ತಾನಾಗಿ ಮುಚ್ಚಿ ಚಿಲಕ ಬೀಳುವ ಗೇಟು. ಪುಟಾಣಿಗಳು ಎಷ್ಟೋ ಸಲ ನೀರಿಗೆ ಬೀಳುವುದು ಈಜುವ ಹೊತ್ತಿನಲ್ಲಲ್ಲ, ಯಾರಿಗೂ ತಿಳಿಯದೆ ಮನೆಯಿಂದ ಹೊರಗೆ ಹೋದಾಗ. ಮಗು ಕಾಣಿಸಲಿಲ್ಲ ಅಂದರೆ ಮೊದಲು ನೀರಿನಲ್ಲಿ ನೋಡಿ. ಮಂಚದ ಕೆಳಗೆ, ಬೀರುವಿನ ಹಿಂದೆ ಆಮೇಲೆ ಹುಡುಕಬಹುದು. ಬಚ್ಚಲಿನ ಬಕೆಟ್ಟು, ಟಬ್ಬು ಕೂಡ ಅಪಾಯವೇ. ಬಳಸಿದ ಕೂಡಲೇ ಖಾಲಿ ಮಾಡಿ.

ಇನ್ನು ಮೇಲೆತ್ತಿದ ಮೇಲೆ. ನಮ್ಮಲ್ಲಿ ಹಲವರಿಗೆ ಮಗುವನ್ನು ತಲೆಕೆಳಗೆ ಮಾಡಿ, ಹೊಟ್ಟೆ ಒತ್ತಿ ನೀರು ತೆಗೆಯಬೇಕು ಅನ್ನುವ ನಂಬಿಕೆ ಇದೆ. ದಯವಿಟ್ಟು ಬೇಡ. ಅದರಿಂದ ಹೊಟ್ಟೆಯಲ್ಲಿದ್ದದ್ದು ಶ್ವಾಸನಾಳಕ್ಕೆ ಹೋಗಬಹುದು, ಸಮಯವೂ ಹಾಳು. ಗಟ್ಟಿ ನೆಲದ ಮೇಲೆ ಅಂಗಾತ ಮಲಗಿಸಿ. ಉಸಿರಾಡುತ್ತಿಲ್ಲ ಅಂದರೆ ಮೊದಲು ಬಾಯಿಂದ ಉಸಿರು ಕೊಡಿ. ಇಲ್ಲಿ ಕೊರತೆ ಆಗಿರುವುದು ಆಮ್ಲಜನಕದ್ದು, ಎದೆ ಒತ್ತುವುದೊಂದೇ ಸಾಲದು. ಯೂರೋಪಿನಲ್ಲಿ ಮೊದಲಿಗೆ 5 ಉಸಿರು, ಅಮೆರಿಕದಲ್ಲಿ 2 ಎಂದು ಕಲಿಸುತ್ತಾರೆ. ನಂತರ ನಿಮಿಷಕ್ಕೆ 100ರಿಂದ 120ರ ವೇಗದಲ್ಲಿ 30 ಸಲ ಎದೆ ಒತ್ತಿ, 2 ಉಸಿರು. ಅಷ್ಟರಲ್ಲಿ ಇನ್ನೊಬ್ಬರು ಆಂಬ್ಯುಲೆನ್ಸ್‌ಗೆ ಫೋನ್ ಮಾಡಿ ಸ್ಪೀಕರ್ ಹಾಕಿರಲಿ. ಮಗು ಎದ್ದು ಕೂತರೂ ಆಸ್ಪತ್ರೆಗೆ ತೋರಿಸಲೇಬೇಕು.

ಓದಿ ಕೈ ಹತ್ತುವ ಕೆಲಸ ಅಲ್ಲ ಇದು. ಮುಂದಿನ ಪಾರ್ಟಿಗೆ ಮೊದಲು ಒಬ್ಬ ತರಬೇತುದಾರರನ್ನು ಕರೆಸಿ, ಗೊಂಬೆ ಇಟ್ಟುಕೊಂಡು ಸಿಪಿಆರ್, ಅಂದರೆ ಹೀಗೆ ಎದೆ ಒತ್ತಿ ಉಸಿರು ಕೊಡುವುದನ್ನು, ಕಲಿಯೋಣ. ಯಾರ‍್ಯಾರು ಬರುತ್ತೀರಿ? ಮನೆಯಲ್ಲಿ ಮಕ್ಕಳನ್ನು ನೋಡಿಕೊಳ್ಳುವ ಅಜ್ಜ ಅಜ್ಜಿಯರನ್ನೂ ಕರೆದುಕೊಂಡು ಬನ್ನಿ.