ಹಳೇ ಮೆಟಲ್ ಡಿಟೆಕ್ಟರ್: ಮನೆಯಲ್ಲಿ ಚೆನ್ನಾಗಿದೆ, ಹೊಲದ ಕೆಂಪು ಮಣ್ಣಿಗೆ ಹೋದರೆ ಬರೀ ಕಿರುಚಾಟ

ಬಂಗಾರಪೇಟೆ ವೈಂಡಿಂಗ್:
ಎಲ್ಲರಿಗೂ ನಮಸ್ಕಾರ. ನನ್ನದು ಮೋಟಾರ್ ರೀವೈಂಡಿಂಗ್ ಅಂಗಡಿ. ಹೋದ ತಿಂಗಳು ಟೊಮೆಟೊ ಕೀಳುವಾಗ ಅಮ್ಮನ ಒಂದು ಓಲೆ ಹೊಲದಲ್ಲಿ ಬಿದ್ದುಹೋಯಿತು. ಚಿನ್ನದ್ದು, ಸುಮಾರು 3 ಗ್ರಾಂ, ನಮ್ಮ ಅಜ್ಜಿ ಕೊಟ್ಟಿದ್ದು. ಸಂಜೆ ಮುಖ ತೊಳೆಯುವಾಗಲೇ ಅಮ್ಮನಿಗೆ ಗೊತ್ತಾಗಿದ್ದು, ಹಾಗಾಗಿ ಎಲ್ಲಿ ಬಿತ್ತು ಅಂತ ಹೇಳುವುದು ಕಷ್ಟ. ಎರಡು ದಿನ ಕೈಯಲ್ಲೇ ಕೆದಕಿ ನೋಡಿದೆವು, ಸಿಗಲಿಲ್ಲ.

ಮಾವನ ಮನೆಯ ಅಟ್ಟದಲ್ಲಿ ಒಂದು ಹಳೇ ಡಿಟೆಕ್ಟರ್ ಇತ್ತು, ಅದನ್ನು ತಗೊಂಡು ಬಂದೆ. 80ರ ದಶಕದ ವಿಎಲ್ಎಫ್ (ತೀರಾ ಕಡಿಮೆ ಫ್ರೀಕ್ವೆನ್ಸಿಯ) ಮಷೀನ್. 8 ಇಂಚಿನ ಗುಂಡು ಕಾಯಿಲ್, 8 ಪೆನ್ಸಿಲ್ ಸೆಲ್. ಮುಂದೆ ಸೆನ್ಸಿಟಿವಿಟಿ, ಡಿಸ್ಕ್ರಿಮಿನೇಷನ್ (ಬೇಡದ ಲೋಹಕ್ಕೆ ಕೂಗದ ಹಾಗೆ ಮಾಡುವುದು) ಅಂತ ಎರಡು ನಾಬ್, ಆಲ್ ಮೆಟಲ್‌ಗೆ (ಎಲ್ಲ ಲೋಹಕ್ಕೂ ಕೂಗುವುದು) ಒಂದು ಸ್ವಿಚ್. ಮಣ್ಣಿನ ಸದ್ದು ಅಡಗಿಸುವ ಗ್ರೌಂಡ್ ಬ್ಯಾಲೆನ್ಸ್ ನಾಬ್ ಇಲ್ಲ. ಮನೆಯಲ್ಲಿ ನಾಣ್ಯ ಹಿಡಿದರೆ ಒಂದು ಗೇಣು ದೂರದಿಂದಲೇ ಕೂಗುತ್ತದೆ. ಹೊಲದಲ್ಲಿ ಮಾತ್ರ ಕಾಯಿಲ್ ಮಣ್ಣಿನ ಹತ್ತಿರ ಬಂದಂತೆ ಗುಂಯ್ ಅನ್ನುವುದು ಏರುತ್ತಾ ಹೋಗುತ್ತದೆ, ಅದೇ ನಾಣ್ಯವನ್ನು ನಾಲ್ಕು ಬೆರಳು ಆಳದಲ್ಲಿ ಹೂತರೆ ಗುರುತೇ ಹಿಡಿಯುವುದಿಲ್ಲ. ಜೊತೆಗೆ ಸುಮ್ನೆ ಹಿಡಿದು ನಿಂತರೂ ಟಿಕ್ ಟಿಕ್ ಅಂತ ಸದ್ದು.

ಪವರ್ ಸಾಲದು ಅಂದುಕೊಂಡು ಹಳೇ ಲ್ಯಾಪ್‌ಟಾಪ್ ಬ್ಯಾಟರಿಯ 2 ಲಿಥಿಯಂ ಸೆಲ್‌ಗೆ ಬೂಸ್ಟ್ ಮಾಡ್ಯೂಲ್ (ವೋಲ್ಟೇಜ್ ಏರಿಸುವ ಪುಟ್ಟ ಬೋರ್ಡ್) ಹಾಕಿ 15 ವೋಲ್ಟ್ ಕೊಟ್ಟೆ. ಇನ್ನೂ ಕೆಟ್ಟಿತು. ಈಗ ದಪ್ಪ ತಂತಿಯಲ್ಲಿ ಜಾಸ್ತಿ ಸುತ್ತು ಹಾಕಿ ಕಾಯಿಲ್ ಹೊಸದಾಗಿ ಸುತ್ತೋಣ ಅಂತಿದ್ದೇನೆ, ಸುತ್ತುವುದು ನನ್ನ ದಿನದ ಕೆಲಸವೇ. ಮಾಡಲಾ?

ತುಮಕೂರು ಸಾಮಿಲ್:
ಮೊದಲು ಆ ಬೂಸ್ಟ್ ಮಾಡ್ಯೂಲ್ ಕಿತ್ತುಬಿಡಿ ಅಣ್ಣ. ನಾನೂ ಇದೇ ತಪ್ಪು ಮಾಡಿದ್ದೆ. ನಮ್ಮ ಮಿಲ್‌ಗೆ ಹಳೇ ಮನೆ ಕೆಡವಿದ ತೊಲೆ, ಬಾಗಿಲು ಚೌಕಟ್ಟು ಬರುತ್ತವೆ. ಒಳಗೆ ಒಂದು ಮೊಳೆ ಉಳಿದಿದ್ದರೂ ಬ್ಲೇಡ್ ಹೋಯಿತು ಅಂತಲೇ ಲೆಕ್ಕ. ಅದಕ್ಕೇ ಹಳೇ ಡಿಟೆಕ್ಟರ್ ಇಟ್ಟುಕೊಂಡಿದ್ದೇನೆ. ಆ ಮಾಡ್ಯೂಲ್ ಒಳಗೆ ಸ್ವಿಚಿಂಗ್ ನಡೆಯುತ್ತಿರುತ್ತದೆ, ಅದರ ಗದ್ದಲ ಸೀದಾ ರಿಸೀವರ್‌ಗೆ ಸೇರುತ್ತದೆ. ಬೋರ್ಡ್ ಬಿಚ್ಚಿ ನೋಡಿ, ಒಳಗೆ ರೆಗ್ಯುಲೇಟರ್ ಇದ್ದರೆ 15 ವೋಲ್ಟ್ ಕೊಟ್ಟರೂ ಮುಂದಕ್ಕೆ ಹೋಗುವುದು ಅದೇ 8 ವೋಲ್ಟೋ 5 ವೋಲ್ಟೋ ಅಷ್ಟೇ. 8 ಹೊಸ ಆಲ್ಕಲೈನ್ ಸೆಲ್ ಹಾಕಿ, 12 ವೋಲ್ಟ್ ಆಗುತ್ತದೆ. ರೀಚಾರ್ಜ್ ಸೆಲ್ ಆದರೆ ಒಂದಕ್ಕೆ 1.2 ವೋಲ್ಟ್, ಎಂಟು ಸೇರಿದರೂ 9.6. ಕೆಲವು ಹಳೇ ಮಷೀನ್‌ಗೆ ಅದು ಸಾಲುವುದಿಲ್ಲ.

ಚಿಂತಾಮಣಿ ರೇಡಿಯೊ:
ಕಾಯಿಲ್ ಸುತ್ತಬೇಡಿ. ನಿಮ್ಮ ಕೈ ಚೆನ್ನಾಗಿರಬಹುದು, ಆದರೆ ಇದು ಮೋಟಾರ್ ಅಲ್ಲ. ಆ ಗುಂಡು ಡಬ್ಬಿಯಲ್ಲಿ ಎರಡು ಕಾಯಿಲ್ ಇವೆ, ಒಂದು ಕಳಿಸುವುದು, ಇನ್ನೊಂದು ಕೇಳುವುದು. ಹತ್ತಿರ ಲೋಹ ಇಲ್ಲದಾಗ ಕೇಳುವ ಕಾಯಿಲ್‌ಗೆ ಹೆಚ್ಚುಕಡಿಮೆ ಏನೂ ಬರದ ಹಾಗೆ ಕೂರಿಸಿ, ಮೇಲೆ ಎಪಾಕ್ಸಿ ಸುರಿದು ಗಟ್ಟಿ ಮಾಡಿರುತ್ತಾರೆ. ಸುತ್ತು ಬದಲಾದರೆ ಫ್ರೀಕ್ವೆನ್ಸಿ, ಫೇಸ್ ಎಲ್ಲ ಬದಲಾಗುತ್ತವೆ. ಸುತ್ತಲೇಬೇಕು ಅಂತ ಆಸೆ ಇದ್ದರೆ ಮುಂದೆ ಯಾವಾಗಲಾದರೂ ಪಲ್ಸ್ ಇಂಡಕ್ಷನ್ (ಬಿಟ್ಟು ಬಿಟ್ಟು ಪಲ್ಸ್ ಕಳಿಸುವ) ಮಷೀನ್ ಕಟ್ಟಿ. ಅದಕ್ಕೆ ಒಂದೇ ಕಾಯಿಲ್ ಸಾಕು, 20 ಸೆಂ.ಮೀ. ಅಗಲಕ್ಕೆ ಸುಮಾರು 25 ಸುತ್ತು, 300 ಮೈಕ್ರೊಹೆನ್ರಿ ಹತ್ತಿರ ಬರುತ್ತದೆ. ಕೆಂಪು ಮಣ್ಣನ್ನು ಅದು ಚೆನ್ನಾಗಿ ತಡೆಯುತ್ತದೆ, ಆದರೆ ಕಬ್ಬಿಣದ ಮೊಳೆಗೂ ಕೂಗುತ್ತದೆ.

ಪವರ್ ವಿಷಯ ಇನ್ನೂ ಸ್ವಲ್ಪ ಹೇಳಬೇಕು, ತುಂಬಾ ಜನ ಇಲ್ಲೇ ಎಡವುತ್ತಾರೆ. ಚಿಕ್ಕ ವಸ್ತು ಕಾಯಿಲ್‌ನಿಂದ ದೂರ ಹೋದಂತೆ ಸಿಗ್ನಲ್ ಸುಮಾರು ದೂರದ 6ನೇ ಘಾತದ ಲೆಕ್ಕದಲ್ಲಿ ಬೀಳುತ್ತದೆ. ದೂರ ಎರಡರಷ್ಟಾದರೆ ಸಿಗ್ನಲ್ 64ರಲ್ಲಿ ಒಂದು ಪಾಲು. ಹಾಗಾಗಿ ಕಳಿಸುವ ಸಿಗ್ನಲ್ ಎರಡು ಪಟ್ಟು ಮಾಡಿದರೂ ಆಳ ಸಿಗುವುದು ಶೇ. 12ರಷ್ಟು ಜಾಸ್ತಿ, ಅದೂ ಗಾಳಿಯಲ್ಲಿ. ನಮ್ಮ ಕೋಲಾರದ ಕೆಮ್ಮಣ್ಣಿನಲ್ಲಿ ಕಬ್ಬಿಣದ ಆಕ್ಸೈಡ್ ತುಂಬಿದೆ. ಶಕ್ತಿ ಏರಿಸಿದರೆ ಆ ಮಣ್ಣಿನ ಸಿಗ್ನಲ್ಲೂ ಅಷ್ಟೇ ಏರುತ್ತದೆ, ಅಲ್ವಾ?

ನಿಮ್ಮ ಮುಖ್ಯ ತೊಂದರೆ ಗ್ರೌಂಡ್ ಬ್ಯಾಲೆನ್ಸ್. ಹೊರಗೆ ನಾಬ್ ಇಲ್ಲದಿದ್ದರೂ ಬೋರ್ಡ್ ಮೇಲೆ ಸಾಮಾನ್ಯವಾಗಿ ಒಂದು ಪ್ರಿಸೆಟ್ (ಸ್ಕ್ರೂಡ್ರೈವರ್‌ನಲ್ಲಿ ತಿರುಗಿಸುವ ಪುಟ್ಟ ರೆಸಿಸ್ಟರ್) ಇರುತ್ತದೆ, ಫ್ಯಾಕ್ಟರಿಯಲ್ಲಿ ಬೇರೆ ಯಾವುದೋ ದೇಶದ ಮಣ್ಣಿಗೆ ಹೊಂದಿಸಿದ್ದು. 40 ವರ್ಷದಲ್ಲಿ ಅದೂ ಸರಿದಿರಬಹುದು. ಒಂದೇ ಸುತ್ತಿನ ಪ್ರಿಸೆಟ್‌ನಲ್ಲಿ ಸರಿಯಾದ ಜಾಗ ಕೂದಲಷ್ಟೇ ಅಗಲ. ಅದರ ಮೌಲ್ಯ ಓದಿ, ಅಷ್ಟೇ ಓಮ್‌ನ 10 ಸುತ್ತಿನ ಪಾಟ್ (ನಾಬ್ ತಿರುಗಿಸಿ ಬದಲಾಯಿಸುವ ರೆಸಿಸ್ಟರ್) ತಂದು ಮುಂದಿನ ಫಲಕಕ್ಕೆ ಹಾಕಿ. ವೈರ್ ಗಿಡ್ಡ ಇರಲಿ, ಶೀಲ್ಡ್ ಇರಲಿ. ಹಳೇ ಪ್ರಿಸೆಟ್ ಯಾವ ಸ್ಥಾನದಲ್ಲಿತ್ತು ಅಂತ ಅಳೆದು ಬರೆದಿಟ್ಟುಕೊಂಡೇ ಕೀಳಿ. ಆಮೇಲೆ ಆಲ್ ಮೆಟಲ್‌ನಲ್ಲಿ ಕಾಯಿಲ್ ಅನ್ನು ಮೊಣಕಾಲಿನಿಂದ ಪಾದದ ಮಟ್ಟಕ್ಕೆ ಇಳಿಸಿ, ಎತ್ತಿ, ಸದ್ದು ಏರದೆ ಇಳಿಯದೆ ಒಂದೇ ಸಮ ಇರುವ ತನಕ ತಿರುಗಿಸಿ. ಕೆಳಗೆ ಲೋಹ ಇಲ್ಲದ ಜಾಗದಲ್ಲಿ ಮಾಡಿ.

ಬೋರ್ಡ್ ಬಿಚ್ಚಿದಾಗ ಎಲೆಕ್ಟ್ರೊಲಿಟಿಕ್ ಕೆಪಾಸಿಟರ್‌ಗಳನ್ನೂ ಬದಲಾಯಿಸಿ, ಇಷ್ಟು ವರ್ಷಕ್ಕೆ ಒಣಗಿರುತ್ತವೆ. ಫಿಲ್ಮ್ ಕೆಪಾಸಿಟರ್ ಮುಟ್ಟಬೇಡಿ, ಫ್ರೀಕ್ವೆನ್ಸಿಯೂ ಫೇಸೂ ಅವುಗಳ ಮೇಲೆ ನಿಂತಿವೆ.

ಬಂಗಾರಪೇಟೆ ವೈಂಡಿಂಗ್:
ತುಂಬಾ ಉಪಕಾರವಾಯಿತು ಸರ್. ಮಾಡ್ಯೂಲ್ ಕಿತ್ತು ಹೊಸ ಸೆಲ್ ಹಾಕಿದೆ. ಗರಗರ ಅನ್ನುವುದು ಅರ್ಧಕ್ಕರ್ಧ ಹೋಯಿತು. ಕಾಯಿಲ್ ಎರಡೂ ಮೀಟರ್‌ನಲ್ಲಿ ಕಂಟಿನ್ಯೂಟಿ ತೋರಿಸುತ್ತವೆ, ಕೇಬಲ್ ಅಲ್ಲಾಡಿಸಿದರೂ ರೀಡಿಂಗ್ ಬದಲಾಗಲ್ಲ. ಆದರೆ ಟಿಕ್ ಟಿಕ್ ಹಾಗೇ ಇದೆ. ಗಡಿಯಾರ ಇಟ್ಟು ನೋಡಿದೆ, ಸರಿಯಾಗಿ ಸೆಕೆಂಡಿಗೊಂದು. ಮನೆಯಲ್ಲಿ ಬರುವುದಿಲ್ಲ.

ತುಮಕೂರು ಸಾಮಿಲ್:
ಕಾಯಿಲ್ ಎತ್ತಿ ಹಿಡಿದು ನೀವೇ ನಿಧಾನಕ್ಕೆ ಒಂದು ಸುತ್ತು ತಿರುಗಿ. ಒಂದು ದಿಕ್ಕಿಗೆ ಜಾಸ್ತಿ, ಇನ್ನೊಂದು ದಿಕ್ಕಿಗೆ ಕಡಿಮೆ ಆದರೆ ಸದ್ದು ಹೊರಗಿನಿಂದ ಬರುತ್ತಿದೆ. ಸೆಕೆಂಡಿಗೊಂದು ಅಂದರೆ ನನಗೆ ಅನುಮಾನ ಸೋಲಾರ್ ಬೇಲಿ ಮೇಲೆ, ಅದರ ಕರೆಂಟ್ ಹೆಚ್ಚುಕಡಿಮೆ ಸೆಕೆಂಡಿಗೊಮ್ಮೆ ಹೊಡೆಯುತ್ತದೆ.

ಬಂಗಾರಪೇಟೆ ವೈಂಡಿಂಗ್:
ಅದೇ! ನಮ್ಮ ಹೊಲ ಕಾಮಸಮುದ್ರದ ಕಡೆ, ಆನೆ ಕಾಟ. ಪಕ್ಕದ ಹೊಲದವರು ಬೇಲಿ ಹಾಕಿಸಿದ್ದಾರೆ. ಅವರನ್ನು ಕೇಳಿ ಬೆಳಿಗ್ಗೆ ಒಂದು ಗಂಟೆ ಆಫ್ ಮಾಡಿಸಿದೆ, ಟಿಕ್ ನಿಂತಿತು. ಇಷ್ಟು ದಿನ ನಾನು ಬೋರ್ಡ್‌ನಲ್ಲಿ ಹುಡುಕುತ್ತಿದ್ದೆ.

ಕೆಜಿಎಫ್ ಹುಡುಗ:
ನಡುವೆ ಒಂದು ಪ್ರಶ್ನೆ. ಇಂಥ ಮಷೀನ್ ಸರಿಮಾಡಿಕೊಂಡರೆ ನಮ್ಮೂರ ಚಿನ್ನದ ಗಣಿಯ ಸಯನೈಡ್ ದಿಬ್ಬದಲ್ಲಿ ಏನಾದರೂ ಸಿಗುತ್ತದಾ?

ಚಿಂತಾಮಣಿ ರೇಡಿಯೊ:
ಬೇಡಪ್ಪ. ಗಣಿ 2001ರ ಫೆಬ್ರವರಿ 28ಕ್ಕೆ ಮುಚ್ಚಿತು, ದಿಬ್ಬದಲ್ಲಿ ಉಳಿದಿರುವುದು ಅರೆದು ಚಿನ್ನ ತೆಗೆದಾದ ಮೇಲಿನ ಪುಡಿ. ಅದರಲ್ಲಿರುವ ಚಿನ್ನ ಹಿಟ್ಟಿಗಿಂತ ಸಣ್ಣ, ಯಾವ ಡಿಟೆಕ್ಟರ್‌ಗೂ ಕಾಣುವುದಿಲ್ಲ. ಆ ದೂಳು ಕುಡಿಯಲು ಹೋಗಬೇಡ. ಹಳೇ ಗುಡಿ, ಕೋಟೆ ಹತ್ತಿರವೂ ಮಷೀನ್ ಹಿಡಿದು ಅಗೆಯಬಾರದು. ಕರ್ನಾಟಕದ 1962ರ ನಿಧಿ ಕಾಯ್ದೆ ಇದೆ, ಹೂತಿಟ್ಟ ನಿಧಿ ಸಿಕ್ಕರೆ ಜಿಲ್ಲಾಧಿಕಾರಿಗೆ ತಿಳಿಸಲೇಬೇಕು. ಸ್ವಂತ ಹೊಲದಲ್ಲಿ ಸ್ವಂತ ಓಲೆ ಹುಡುಕುವುದು ಬೇರೆ ಮಾತು.

ಬಂಗಾರಪೇಟೆಯವರೇ, ನೀವು ನಾಣ್ಯ ಇಟ್ಟು ನೋಡುತ್ತಿದ್ದೀರಿ. ಅಮ್ಮನ ಇನ್ನೊಂದು ಓಲೆ ಮನೆಯಲ್ಲೇ ಇದೆಯಲ್ಲ, ಅದನ್ನು ಇಟ್ಟು ನೋಡಿದಿರಾ?

ಬಂಗಾರಪೇಟೆ ವೈಂಡಿಂಗ್:
ಇಲ್ಲ ಸರ್, ಹೊಳೆಯಲೇ ಇಲ್ಲ. ಈಗ ನೋಡಿದೆ. ಡಿಸ್ಕ್ರಿಮಿನೇಷನ್ ಅರ್ಧಕ್ಕೆ ಇದ್ದಾಗ ಓಲೆಗೆ ಸದ್ದೇ ಬರಲಿಲ್ಲ! ಕಾಯಿಲ್‌ಗೆ ತಾಗಿಸಿದರೂ ಇಲ್ಲ. ಸೊನ್ನೆಗೆ ಇಳಿಸಿದರೆ 8 ಸೆಂ.ಮೀ.ಯಿಂದ ಕೇಳುತ್ತದೆ.

ಚಿಂತಾಮಣಿ ರೇಡಿಯೊ:
ಹಾಗಾದರೆ ಇಷ್ಟು ದಿನ ಓಲೆ ಮೇಲೇ ಕಾಯಿಲ್ ಆಡಿಸಿದ್ದರೂ ಮಷೀನ್ ಸುಮ್ಮನಿರುತ್ತಿತ್ತು. ಚಿಕ್ಕ ಚಿನ್ನವೂ ಮಾತ್ರೆ ಸ್ಟ್ರಿಪ್‌ನ ಅಲ್ಯುಮಿನಿಯಂ ಹಾಳೆಯೂ ಈ ಮಷೀನ್‌ಗೆ ಒಂದೇ ಥರ ಕಾಣುತ್ತವೆ. ಕಸ ಬೇಡ ಅಂತ ನಾಬ್ ಏರಿಸಿದರೆ ಓಲೆಯೂ ಬೇಡ ಅಂದಂತೆ. ಆಗಿನ ಎಷ್ಟೋ ಮಷೀನ್ 10 ಕಿಲೋಹರ್ಟ್ಸ್‌ಗಿಂತ ಕೆಳಗೆ ಓಡುತ್ತಿದ್ದವು. ಬೆಳ್ಳಿ, ತಾಮ್ರದ ನಾಣ್ಯಕ್ಕೆ ಅದು ಒಳ್ಳೆಯದು, ಸಣ್ಣ ಚಿನ್ನಕ್ಕೆ ದುರ್ಬಲ. 8 ಸೆಂ.ಮೀ. ಸಾಕು, ಕೈಜಾರಿ ಬಿದ್ದ ಓಲೆ ಅಷ್ಟು ಆಳಕ್ಕೆ ಹೋಗಿರುವುದಿಲ್ಲ. ಆದರೆ ಈಗ ಉಳುಮೆ ಮಾಡಿಸಬೇಡಿ. ಟೊಮೆಟೊ ಕಡ್ಡಿಗೆ ಕಟ್ಟಿದ ಜಿಐ ತಂತಿಯನ್ನು ಮಾತ್ರ ಮೊದಲು ಬಿಚ್ಚಿ ಆಚೆ ಹಾಕಿ. ದಾರ ಕಟ್ಟಿ ಒಂದೊಂದು ಅಡಿ ಪಟ್ಟಿ ಮಾಡಿಕೊಂಡು, ಕಾಯಿಲ್ ಮಣ್ಣಿಗೆ ಸವರುವಷ್ಟು ಹತ್ತಿರ, ನಿಧಾನಕ್ಕೆ ಹೋಗಿ.

ಬಂಗಾರಪೇಟೆ ವೈಂಡಿಂಗ್:
ಸಿಕ್ಕಿತು ಸರ್! ಸಿಕ್ಕಿತು. 10 ಸುತ್ತಿನ ಪಾಟ್ ಹಾಕಿದ ಮೇಲೆ ಮಣ್ಣಿನ ಸದ್ದು ಪೂರಾ ಅಡಗಿತು. ನಾಲ್ಕು ಬೆಳಿಗ್ಗೆ ಹುಡುಕಿದೆ. ಸಾಲುಗಳಲ್ಲಿ ಬರೀ ತಂತಿ ಚೂರು, ಮಾತ್ರೆ ಹಾಳೆ, ಒಂದು ಟ್ರ್ಯಾಕ್ಟರ್ ಬೋಲ್ಟ್. ಕೊನೆಗೆ ಕ್ರೇಟ್ ಜೋಡಿಸುತ್ತಿದ್ದ ಬದುವಿನ ಹತ್ತಿರ ಸಣ್ಣಗೆ ಒಂದು ಸದ್ದು, ಎರಡು ಬೆರಳು ಆಳ. ಅಲ್ಲಿ ಕೂತು ಸೆರಗಿನಲ್ಲಿ ಬೆವರು ಒರೆಸಿಕೊಂಡಿದ್ದು ಅಮ್ಮನಿಗೆ ಆಗ ನೆನಪಾಯಿತು. ಓಲೆ ಸೊಟ್ಟಗಾಗಿದೆ, ತಿರುಪು ಸಿಕ್ಕಿಲ್ಲ. ಅಮ್ಮ ನಿಮ್ಮಿಬ್ಬರನ್ನೂ ಊಟಕ್ಕೆ ಕರೆಯಲು ಹೇಳಿದ್ದಾರೆ.

ಒಂದು ಉಳಿದಿದೆ. ಹತ್ತು ಗಂಟೆ ಆದ ಮೇಲೆ ಬಿಸಿಲೇರಿದಂತೆ ಆಲ್ ಮೆಟಲ್‌ನ ಸದ್ದು ತಾನಾಗೇ ಏರುತ್ತದೆ. ಏನು ಮಾಡಲಿ?

ಚಿಂತಾಮಣಿ ರೇಡಿಯೊ:
ಅಮ್ಮನಿಗೆ ನಮಸ್ಕಾರ ಹೇಳಿ, ಖಂಡಿತ ಬರುತ್ತೇವೆ. ಬಿಸಿಲಿಗೆ ಕಾಯಿಲ್ ಒಂಚೂರು ಹಿಗ್ಗಿದರೂ ಒಳಗಿನ ಆ ಎರಡು ಕಾಯಿಲ್‌ಗಳ ಹೊಂದಾಣಿಕೆ ತಪ್ಪುತ್ತದೆ. ಡಬ್ಬಿ ಕಪ್ಪು ಬಣ್ಣದ್ದಾಗಿದ್ದರೆ ಮೇಲೆ ಬಿಳಿ ಬಣ್ಣ ಬಳಿಯಿರಿ, ಲೋಹದ ಪುಡಿ ಇರುವ ಪೇಂಟ್ ಬೇಡ. ಕೇಬಲ್ ಸಡಿಲ ನೇತಾಡದ ಹಾಗೆ ಕೋಲಿಗೆ ಬಿಗಿಯಾಗಿ ಸುತ್ತಿ ಟೇಪ್ ಹಾಕಿ. ಮಷೀನ್ ಆನ್ ಮಾಡಿ 10 ನಿಮಿಷ ಬಿಸಿಲಿನಲ್ಲೇ ಇಟ್ಟು, ಆಮೇಲೆ ಬ್ಯಾಲೆನ್ಸ್ ಮಾಡಿ ನೋಡಿ. ಆಗಲೂ ಏರಿದರೆ ಬೋರ್ಡ್‌ನ ಎರಡೂ ಕಡೆ ಫೋಟೊ ಹಾಕಿ.