ಎಡಚರು ರಿವಾಲ್ವರ್ ರೀಲೋಡ್ ಮಾಡುವುದು ಹೇಗೆ? ಅನುಭವ ಹೇಳಿ

ಪ್ರಶ್ನೆ: ಟೆಕ್ಸಸ್‌ನಲ್ಲಿದ್ದೇನೆ, ಪಕ್ಕಾ ಎಡಚ. ಸ್ಮಿತ್ ಅಂಡ್ ವೆಸನ್ 642 ಕೊಂಡೆ. ಗುಂಡು ತುಂಬುವ ಸಿಲಿಂಡರನ್ನು ಬಿಡಿಸುವ ಲ್ಯಾಚ್ ಎಡಬದಿಗಿದೆ, ನನ್ನ ಹೆಬ್ಬೆರಳು ಬಲಬದಿಗೆ ಬರುತ್ತದೆ. ನೀವೆಲ್ಲ ಏನು ಮಾಡುತ್ತೀರಿ?

ಡಲ್ಲಾಸ್ ಎಡಗೈ: ನಾನೂ ಸ್ಮಿತ್‌ನಿಂದಲೇ ಶುರು ಮಾಡಿದ್ದು. ಅದರ ಲ್ಯಾಚ್ ಮುಂದಕ್ಕೆ ತಳ್ಳಬೇಕು, ತೋರುಬೆರಳು ಮಡಚಿ ತಳ್ಳಿ ತಳ್ಳಿ ಉಗುರಿನ ಬುಡ ಕಿತ್ತುಹೋಗಿತ್ತು. 460 ಡಾಲರ್‌ಗೆ ಕೊಂಡದ್ದನ್ನು 310ಕ್ಕೆ ಮಾರಿದೆ. ಎಡಗೈ ಹೋಲ್‌ಸ್ಟರ್‌ಗೆ (ಗನ್ ಇಡುವ ಚೀಲ) 115 ಡಾಲರ್ ಕೊಟ್ಟು 14 ವಾರ ಕಾದಿದ್ದೆ, ಬಂದದ್ದು ಬಲಗೈಯದು! ವಾಪಸ್ ಕಳಿಸುವ ಖರ್ಚೂ ನನ್ನದೇ. ಈಗ ರೂಗರ್ ಜಿಪಿ100 ಇದೆ. ಬಟನ್ ಒಳಕ್ಕೆ ಒತ್ತಿದರೆ ಸಾಕು, ತೋರುಬೆರಳಿಗೆ ಸಲೀಸು. ಕೋಲ್ಟ್‌ನ ಲ್ಯಾಚ್ ಹಿಂದಕ್ಕೆ ಎಳೆಯುವಂಥದ್ದು, ಅದೂ ನಮಗೆ ಒಗ್ಗುತ್ತದೆ. ಸ್ಮಿತ್ ಮಾರಿಬಿಡಿ.

ಹಳೇ ಶೂಟರ್: ಮಾರಿಬಿಡಿ ಅಂತ ಸುಮ್ನೆ ಹೇಳಬೇಡಿ. 11 ವರ್ಷದಿಂದ ಸ್ಮಿತ್‌ನಲ್ಲೇ ಹೊಡೆಯುತ್ತಿದ್ದೇನೆ. ಗನ್ನನ್ನು ಬಲಗೈಗೆ ದಾಟಿಸಿ, ಬಲ ಹೆಬ್ಬೆರಳಲ್ಲಿ ಲ್ಯಾಚ್ ತಳ್ಳಿ, ಎಡಗೈ ಬೆರಳುಗಳಿಂದ ಸಿಲಿಂಡರ್ ಹೊರಗೆ ತಂದು ಹಿಡಿಯಿರಿ. ಎಡ ಹೆಬ್ಬೆರಳಲ್ಲಿ ಖಾಲಿ ಕೇಸ್ (ಹೊಡೆದ ಗುಂಡಿನ ಚಿಪ್ಪು) ಹೊರತಳ್ಳುವ ರಾಡ್ ಒತ್ತಿ, ಬಲಗೈಯಲ್ಲಿ ತುಂಬಿ. ಬಲಗೈಯವರೂ ಕೊನೆಗೆ ಮಾಡುವುದು ಇದನ್ನೇ ಅಲ್ವಾ? ಗುಂಡುಗಳನ್ನು ಒಟ್ಟಿಗೆ ತುಂಬುವ ಸ್ಪೀಡ್‌ಲೋಡರ್ ಮಾತ್ರ ಬೆಲ್ಟಿನ ಬಲಕ್ಕಿರಲಿ.

ಇದನ್ನು ಕಲಿಯಲು ನನಗೊಂದು ಮ್ಯಾಚ್ ಹೋಯಿತು. ಗನ್ನಿನ ಮೂತಿ ಮೇಲೆ ಮಾಡದೆ ಅಡ್ಡ ಹಿಡಿದು ರಾಡ್ ಒತ್ತಿದೆ, ಒಂದು ಖಾಲಿ ಕೇಸ್ ಎಕ್ಸ್‌ಟ್ರ್ಯಾಕ್ಟರ್ ಸ್ಟಾರ್ (ಕೇಸ್ ಎತ್ತುವ ನಕ್ಷತ್ರದಾಕಾರದ ತುಂಡು) ಕೆಳಗೆ ಜಾರಿ ಸಿಲಿಂಡರ್ ಮುಚ್ಚಲೇ ಇಲ್ಲ. ಅದನ್ನು ಉಗುರಲ್ಲಿ ಕೀಳುತ್ತಾ ನಿಂತ 40 ಸೆಕೆಂಡು ಇವತ್ತಿಗೂ ಮರೆತಿಲ್ಲ. 642ರ ರಾಡ್ ಬೇರೆ ಗಿಡ್ಡ, ಕೇಸ್ ಪೂರ್ತಿ ಹೊರಬರುವುದಿಲ್ಲ, ರಾಡಿಗೆ ಜೋರಾಗಿ ಹೊಡೆಯಬೇಕು.

ಡಲ್ಲಾಸ್ ಎಡಗೈ: ಎರಡು ಸಲ ಕೈ ಬದಲಿಸಬೇಕಲ್ಲ! ಅದಕ್ಕೆ ನೀವು ಕೊಡುವ ಸಮಯ ಲೆಕ್ಕಕ್ಕಿಲ್ಲವಾ?

ಹಳೇ ಶೂಟರ್: ಟೈಮರ್ ಇಟ್ಟು ಎದುರು ಬನ್ನಿ, ಆಮೇಲೆ ಮಾತಾಡೋಣ.

ವಿರಾಜಪೇಟೆ: ನಮ್ಮ ಕಾನ್ಪುರ ಕಾರ್ಖಾನೆಯ .32 ರಿವಾಲ್ವರ್ ನೋಡಿ. ನಡುವೆ ಮಡಚಿದರೆ ಆರೂ ಕೇಸ್ ತಾನಾಗಿ ಹೊರಬೀಳುತ್ತವೆ. ಲ್ಯಾಚ್ ಬಲ ಹೆಬ್ಬೆರಳಲ್ಲಿ ಒತ್ತುತ್ತೇನೆ, ಗನ್ ಎಡಗೈ ಬಿಟ್ಟು ಹೋಗುವುದೇ ಇಲ್ಲ. ಲೈಸೆನ್ಸಿಗೆ ಎರಡೂವರೆ ವರ್ಷ ಅಲೆದೆ. ಒಂದೇ ಕಾಗದವನ್ನು ಮೂರು ಸಲ ಕೇಳಿದರು.

ಡಲ್ಲಾಸ್ ಎಡಗೈ: ಅವರು ಟೆಕ್ಸಸ್‌ನಲ್ಲಿದ್ದಾರೆ ಸ್ವಾಮಿ. ಅದನ್ನು ಎಲ್ಲಿಂದ ತರುತ್ತಾರೆ?

ವಿರಾಜಪೇಟೆ: ಅನುಭವ ಕೇಳಿದರು, ಹೇಳಿದೆ. ನಿಮ್ಮ ಹೋಲ್‌ಸ್ಟರ್ ಕತೆಯಿಂದ ಅವರಿಗೇನು ಸಿಕ್ಕಿತು?

ಹುಬ್ಬಳ್ಳಿಯವ, ಈಗ ಅರಿಜೋನಾ: ಸಿಂಗಲ್ ಆ್ಯಕ್ಷನ್ (ಪ್ರತಿ ಸಲ ಹ್ಯಾಮರ್ ಎಳೆದು ಹೊಡೆಯುವ ಗನ್) ಯಾರೂ ಹೇಳಲಿಲ್ಲ. ಕೋಲ್ಟ್ ಸಿಂಗಲ್ ಆ್ಯಕ್ಷನ್ ಆರ್ಮಿಯ ಗುಂಡು ಹಾಕುವ ಗೇಟ್ ಬಲಬದಿಗಿದೆ. ಎಡಗೈಯಲ್ಲೇ ಹಿಡಿದು ಬಲಗೈಯಲ್ಲಿ ಒಂದೊಂದೇ ತುಂಬಬಹುದು. ನಿಧಾನ, ಆದರೆ ನಮಗೆಂದೇ ಮಾಡಿದ ಹಾಗಿದೆ. ಪೂರ್ತಿ ಕನ್ನಡಿಬಿಂಬ ಬೇಕಿದ್ದರೆ ಚಾರ್ಟರ್ ಆರ್ಮ್ಸ್ ಸೌತ್‌ಪಾ ಇದೆ, ಸಿಲಿಂಡರ್ ಬಲಕ್ಕೆ ತೆರೆಯುತ್ತದೆ.

ಬಲಗೈಗೆ ಬದಲಾದವ: ಇಷ್ಟೆಲ್ಲ ಯಾಕೆ? ಬಲಗೈಯಲ್ಲೇ ಕಲಿಯಿರಿ. ಆರು ತಿಂಗಳಲ್ಲಿ ನಾನು ಕಲಿತೆ.

ಹುಬ್ಬಳ್ಳಿಯವ, ಈಗ ಅರಿಜೋನಾ: ಶಾಲೆಯಲ್ಲಿ ರೊಡ್ಡ ಅಂತ ಕರೆದು ಎಡಗೈ ಗೆಣ್ಣಿಗೆ ರೂಲುದೊಣ್ಣೆಯಿಂದ ಹೊಡೆದರು. ಬಲಗೈಯಲ್ಲಿ ಬರೆದೆ, ಅಕ್ಷರ ಇವತ್ತಿಗೂ ಸೊಟ್ಟ. ನನ್ನ ಎಡಗಣ್ಣೇ ಗುರಿ ಹಿಡಿಯುವುದು. ಇನ್ನೊಮ್ಮೆ ಯಾರ ಮಾತಿಗೂ ಕೈ ಬದಲಿಸುವುದಿಲ್ಲ.

ಬಲಗೈಗೆ ಬದಲಾದವ: ನನಗೂ ಹೊಡೆದಿದ್ದರು. ಅದಕ್ಕೇ ಹೇಳಿದೆ, ಕಲಿಯಬಹುದು ಅಂತ.

ಹಳೇ ಶೂಟರ್: ಹೊಡೆಸಿಕೊಂಡು ಕಲಿತದ್ದನ್ನು ಇನ್ನೊಬ್ಬರಿಗೆ ಹೇಳಬೇಡಿ. 642ರವರೇ, ಖಾಲಿ ಗನ್, ಡಮ್ಮಿ ಗುಂಡು, ದಿನಕ್ಕೆ 20 ಸಲ.